ಸುಳ್ಳು ವಿಳಾಸದ ಕರ್ಣಕುಂಡಲ

ಮೊನ್ನೆ ಸಾಗರದ ನಮ್ಮ ಮನೆಯ ಕುಂಡದಲ್ಲಿ ಕರ್ಣಕುಂಡಲದ ಕಾಯಿ ಮುಟ್ಟಿದೆ. ಫಟ್ಟನೆ ಸಿಡಿದು ಬೀಜ ಕನ್ನಡಕಕ್ಕೆ ಬಡಿಯಿತು. ಈ ಗಿಡದ ಕುಲಕ್ಕೇ ಯಾರನ್ನೂ ನಂಬುವ ಅಭ್ಯಾಸವಿಲ್ಲ. ನನಗೂ ಇಲ್ಲ ಬಿಡಿ.

ಅರವತ್ತರ ದಶಕದ ಮೊದಲ ವರ್ಷಗಳು. ಶರಾವತಿಗೆ ಅಣೆಕಟ್ಟು ಏಳುತ್ತಿತ್ತು. ನಮ್ಮ ಸೀಮೆಗೆ ಯಾರೇ ಬಂದು ಏನನ್ನೇ ಬರೆದುಕೊಳ್ಳಲಿ, ಅದು ಮುಳುಗಡೆಯ ಪಟ್ಟಿಗೆ ಸೇರುತ್ತಿತ್ತು. ಮೊದಲು ಗದ್ದೆ ಬರೆದರು, ಆಮೇಲೆ ಮರಗಳಿಗೆ ನಂಬರು ಹೊಡೆದರು. ಅಷ್ಟರಲ್ಲಿ ಪಕ್ಕದ ಬ್ಯಾಕೋಡಿಗೆ ಒಬ್ಬ ಗಿಡದ ಮೇಷ್ಟ್ರು ಬಂದಿಳಿದರು. ಕಾಡಿನ ಕರ್ಣಕುಂಡಲ ಎಷ್ಟು ಬಗೆಯಿದ್ದರೂ ತಂದುಕೊಡಿ, ನಂಬರು ಕಟ್ಟಿ ಇಡುತ್ತೇನೆ ಎಂದರು.

"ಹೂವಿಗೂ ನಂಬರ್ ಬಂತಾ? ಕೊಡೋದಾದ್ರೆ ಕೊಡು, ಊರ್ ಹೆಸ್ರು ಮಾತ್ರ ಹೇಳ್ಬ್ಯಾಡ" ಅಂದಳು ನಮ್ಮತ್ತೆ.

ಮ್ಯಾಟ್ರಿಕ್ ಪಾಸಾಗಿದ್ದ ನಾನು ಬೇಹುಗಾರನ ಗತ್ತಿನಲ್ಲಿ ನಮ್ಮೂರ ಹಳ್ಳದ ಬಂಡೆಯಿಂದ ಒಂದು ಗಿಡ ಒಯ್ದೆ. ಮೇಷ್ಟ್ರು ಭೂತಕನ್ನಡಿ ಹಿಡಿದರು. ಹೂವಿನ ಹಿಂದಿನ ಬಾಲ ಉದ್ದವೋ ಗಿಡ್ಡವೋ, ಕಾಯಿಗೆ ರೋಮವುಂಟೋ, ಎಲೆ ಕಾಂಡದ ಮೇಲೋ ಬುಡದಲ್ಲೋ, ಇಷ್ಟನ್ನು ನೋಡಿಯೇ ಇದರ ಒಳಜಾತಿಗಳನ್ನು ವಿಂಗಡಿಸುತ್ತಾರಂತೆ. "ಇದಕ್ಕೆ ಬಾಲವೇ ಇಲ್ಲವಲ್ರೀ. ಇಂಥದ್ದನ್ನ ನಾನು ಎಲ್ಲೂ ನೋಡಿಲ್ಲ" ಎನ್ನುತ್ತ ಗಿಡದ ಮುಂದೆ ಮಂಡಿಯೂರಿ ಕುಳಿತೇಬಿಟ್ಟರು. ನನಗೆ ಅದೂ ನಾಟಕವೆನಿಸಿತು. ಬಾಲವಿಲ್ಲದ ಹೂವಿಗಾಗಿ ಯಾರಾದರೂ ಉಂಬಳಗಳಿಗೆ ರಕ್ತ ಹೀರಲು ಕೊಟ್ಟು ಅಲೆಯುತ್ತಾರೆಯೇ?

"ಯಾವೂರಿನದು?" ಎಂದು ಚೀಟಿಯನ್ನು ನನ್ನ ಕೈಗೇ ಕೊಟ್ಟರು. ನೀರು ಎಷ್ಟೇ ಏರಿದರೂ ಮುಟ್ಟಲಾರದ ಊರು ಯಾವುದೆಂದು ಯೋಚಿಸಿ, ತೀರ್ಥಹಳ್ಳಿ ಕಡೆಯ ಮೇಳಿಗೆ ಎಂದು ಬರೆದೆ. ನಿನ್ನೆ ನೆಂಟರ ಮನೆಯಿಂದ ತಂದೆ ಎಂದೂ ಸೇರಿಸಿದೆ. ತಂದವನ ಜಾಗದಲ್ಲಿ ಮಾತ್ರ ನನ್ನ ಹೆಸರನ್ನೇ ಹಾಕಿದೆ. ಮೆರೆಯುವ ಆಸೆ ಎಲ್ಲಿ ಹೋಗುತ್ತದೆ?

ಕೆಲವೇ ವರ್ಷಗಳಲ್ಲಿ ನೀರು ಬಂತು. ಊರು, ಹಳ್ಳ, ಬಂಡೆ ಎಲ್ಲ ಒಳಗೆ ಹೋದವು.

ಮೊನ್ನೆ ಆ ಕಾಯಿ ಸಿಡಿದ ಮಧ್ಯಾಹ್ನವೇ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ನನ್ನ ಹೆಸರು ಹುಡುಕಿಕೊಂಡು ಬಂದಳು. ಮೊಬೈಲಿನಲ್ಲಿ ಒಣಗಿದ ಗಿಡ, ಕೆಳಗೆ ನನ್ನದೇ ಅಕ್ಷರ. ಈ ಗಿಡ ಆಮೇಲೆ ಯಾರಿಗೂ ಸಿಕ್ಕಿಲ್ಲವಂತೆ. ಮೇಷ್ಟ್ರು ಸಾಯುವವರೆಗೂ ಮೇಳಿಗೆಯಲ್ಲಿ ಹುಡುಕಿದರಂತೆ. ಇವಳೂ ಮೂರು ಮಳೆಗಾಲ ಅಲೆದಿದ್ದಾಳೆ.

"ಮೇಳಿಗೇಲಿ ಎಲ್ಲಿ ಸಿಕ್ತು ಸರ್?"

"ನಿಮಗ್ಯಾಕೆ?" ಎಂದುಬಿಟ್ಟೆ. ಆಡಿದ ಮೇಲೆ ನಾಚಿಕೆಯಾಯಿತು. ಇನ್ನು ಮುಳುಗಲು ಏನು ಉಳಿದಿತ್ತು?

"ಮೇಳಿಗೆ ಅಲ್ಲಮ್ಮ, ಕೆಸವಿನಗದ್ದೆ" ಎಂದೆ. ಅವಳು ಬರೆದುಕೊಂಡಳು. ನಮ್ಮೂರ ಹೆಸರನ್ನು ಯಾರಾದರೂ ಬರೆದು ಅದೆಷ್ಟು ಕಾಲವಾಗಿತ್ತೋ.

"ಅಲ್ಲಿಗೆ ಬಸ್ ಇದೆಯಾ ಸರ್?"

"ಲಾಂಚ್ ಇದೆ" ಎಂದೆ. "ನಮ್ಮೂರ ಮೇಲೇ ಹೋಗುತ್ತೆ."