ಹೊತ್ತು ಮುಳುಗಿದ ಮೇಲಿನ ದನಿ

ಬೊಲಿವಿಯಾದ ಎತ್ತರದ ಬಯಲಿನಲ್ಲಿದ್ದ ಆ ಊರಿನ ರೇಡಿಯೋದಲ್ಲಿ ಜನರ ಸುದ್ದಿ ಓದುವವಳು ಬಸೀಲಿಯಾ. ಯಾರ ಹೆಂಡತಿ ಹೆತ್ತಳು, ಯಾರ ಲಾಮಾ ತಪ್ಪಿಸಿಕೊಂಡಿತು, ಯಾರು ನಾಳೆ ಲಾರಿಗೆ ಕಾಯಬೇಕು, ಎಲ್ಲವೂ ಅವಳ ಬಾಯಿಂದಲೇ ಬೆಟ್ಟದ ಹಟ್ಟಿಗಳಿಗೆ ಹೋಗಬೇಕು. ಅಲ್ಲಿ ಫೋನು ಹಿಡಿಯದು. ಅವಳು ಓದುವಾಗ ಕುರಿ ಕಾಯುವವರು ನಿಂತು ಕೇಳುತ್ತಿದ್ದರು.

ಗಡಿಯಾಚೆ ಪೆರುವಿನ ದೊಡ್ಡ ಸ್ಟೇಷನ್ನಿಗೂ ರೇಡಿಯೋದ ಮುಳ್ಳು ನಿಲ್ಲುವುದು ಇವಳ ಸ್ಟೇಷನ್ನಿನ ಜಾಗದಲ್ಲೇ. ಹಗಲಲ್ಲಿ ಅದರ ಸದ್ದಿಲ್ಲ. ಹೊತ್ತು ಮುಳುಗಿತೆಂದರೆ ಬೆಟ್ಟ ಹಾರಿ ಬಂದು ಇವಳ ದನಿಯನ್ನು ನುಂಗಿಬಿಡುತ್ತಿತ್ತು. ಅಲ್ಲಿ ಮಾತಾಡುವ ಎವಾರಿಸ್ತೊನಿಗೆ ಬಸೀಲಿಯಾ ಇಟ್ಟ ಹೆಸರು 'ಆ ಗಂಟಲು'.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ತೊಮಾಸಾ ಎಂಬ ಹೆಂಗಸು ಏದುಸಿರು ಬಿಡುತ್ತಾ ಬಂದಳು.

"ಅಕ್ಕಾ, ಬೆಳಿಗ್ಗೆ ಮಗನಿಗೆ ಆಪರೇಷನ್ನು. ಅವನ ಗುಂಪಿನ ರಕ್ತ ಇಲ್ಲಿಲ್ವಂತೆ, ಅವರಪ್ಪನ ರಕ್ತಾನೇ ಬೇಕಂತೆ. ನನ್ ಗಂಡ ಗುಮರ್ಸಿಂದೊ ಮೇಲೆ ಹಟ್ಟೀಲವ್ನೆ."

"ಇಷ್ಟೊತ್ತು ಏನ್ಮಾಡ್ತಿದ್ದೆ ತಾಯಿ?"

"ಡಾಕ್ಟ್ರು ಹೇಳಿದ್ದೇ ಈಗ."

ಪ್ರಸಾರದ ಯಂತ್ರ ನೋಡಿಕೊಳ್ಳುವ ನಿಕನೋರ್ ತಲೆಯಾಡಿಸಿದ. "ಎಷ್ಟು ಕೂಗಿದ್ರೂ ಕಣಿವೆ ದಾಟಲ್ಲ ಅಕ್ಕ. ಮೇಲೆಲ್ಲ ಈಗ ಆ ಗಂಟಲಿಂದೇ ದರ್ಬಾರು."

ಬಸೀಲಿಯಾ, "ಹಂಗಾರೆ ಎಲ್ರೂ ಅವನ್ನೇ ಕೇಳ್ತಾವ್ರೆ ಅಂತಾಯ್ತು" ಎಂದು ಫೋನು ಎತ್ತಿಕೊಂಡಳು.

"ಯಾರಮ್ಮ?" ಎಂದ ಎವಾರಿಸ್ತೊ.

"ದಿನಾ ಮುಳುಗಿಸ್ತೀಯಲ್ಲ, ಅವಳು."

"ಬಸೀಲಿಯಕ್ಕನಾ? ನೀನೇನ್ ಕಮ್ಮಿನಾ? ಬೆಳಗಾದ್ರೆ ಗಡಿ ಹತ್ರ ನಮ್ಮೋರ ಮನೇಲೂ ನಿಂದೇ ಗಲಾಟೆ."

"ಜಗಳ ನಾಳೆ ಆಡಣ. ಈಗೊಂದು ಸುದ್ದಿ ಓದು. ಬೆಟ್ಟದೋರ ಐಮಾರಾ ಭಾಷೇಲೇ ಓದು. ಹೆಸರು ಎರಡೆರಡು ಸಲ, ನಿಧಾನಕ್ಕೆ. ಬಿಯರ್ ಜಾಹೀರಾತು ಓದ್ದಂಗೆ ಓಡ್ಬೇಡ."

ಸುದ್ದಿ ಹೇಳಿ ಫೋನಿಟ್ಟು, ನಿಕನೋರನ ಕಡೆ ತಿರುಗಿದಳು. "ಯಂತ್ರ ಆರಿಸು."

"ನಮ್ದಾ?"

"ಅವನ ಮಾತಿಗೆ ನಂದು ಅಡ್ಡ ಬರೋದ್ ಬೇಡ."

ಅಷ್ಟು ವರ್ಷ ಓದಿದವಳು ಆ ಹೊತ್ತಿಗೆ ಎಂದೂ ಯಂತ್ರ ಆರಿಸಿದವಳಲ್ಲ. ಮೂವರೂ ಸಣ್ಣ ರೇಡಿಯೋದ ಮುಂದೆ ಕೂತರು. ಗಂಡಸಿನ ದನಿ ಬಂತು. ಅವಳು ಹೇಳಿದಂತೆಯೇ ಓದಿತು. ತೊಮಾಸಾ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು.

ಬೆಳಗಾಗುವಷ್ಟರಲ್ಲಿ ಗುಮರ್ಸಿಂದೊ ಇಳಿದು ಬಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ. ರಕ್ತ ಕೊಟ್ಟ. ಹುಡುಗ ಉಳಿದ.

ಆಮೇಲೆ ಗುಮರ್ಸಿಂದೊ ಒಣಮಾಂಸದ ಗಂಟು ಹಿಡಿದು ಸ್ಟೇಷನ್ನಿಗೆ ಬಂದ.

"ಅಕ್ಕಾ, ಅವತ್ತು ನಿನ್ನ ಬದಲು ಯಾರೋ ಗಂಡಸು ಓದ್ದ."

"ಚೆನ್ನಾಗಿ ಓದಿದ್ನಾ?"

ಗುಮರ್ಸಿಂದೊ ಟೋಪಿ ತೆಗೆದು ಯೋಚಿಸಿದ.

"ನಿನ್ನಷ್ಟಿಲ್ಲ. ಆದ್ರೆ ಕೇಳಿಸ್ತು."