ಬ್ಯಾಟರಿಯ ಮೇಲಿನ ಭಂಡಾರ

ಕೃಷ್ಣಾ ನದಿಯ ನೆರೆಯಲ್ಲಿ ಜನರನ್ನು ದಡ ಸೇರಿಸಿದವರ ಹೆಸರು ಊರವರ ನೆನಪಿನಲ್ಲಿ ಉಳಿಯುತ್ತದೆ. ಆ ದೋಣಿಗಳ ಎಂಜಿನ್‌ಗಳನ್ನು ಪ್ರತಿ ಮಳೆಗಾಲಕ್ಕೆ ಅಣಿಗೊಳಿಸಿದವರ ಹೆಸರು ಉಳಿಯುವುದು ಕಡಿಮೆ. ಯಡೂರಿನ ನೆರೆ ರಕ್ಷಣಾ ದಳದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿ ದುಡಿದು ಈ ಮೇ ಅಂತ್ಯಕ್ಕೆ ನಿವೃತ್ತರಾದ ಶ್ರೀ ರಾಜಾರಾಮ ಕಾಂಬಳೆಯವರು ಈ ಎರಡನೆಯ ಸಾಲಿನವರು. ಚಿಕ್ಕೋಡಿಯಿಂದ ಕಾಗವಾಡದವರೆಗೆ ಯಾವ ದೋಣಿಯ ಎಂಜಿನ್ ಮೊಂಡು ಹಿಡಿದರೂ ಮೊದಲ ಫೋನು ಅವರಿಗೇ ಹೋಗುತ್ತಿತ್ತು.

ನಿಪ್ಪಾಣಿಯ ಗ್ಯಾರೇಜೊಂದರಲ್ಲಿ ಟ್ರ್ಯಾಕ್ಟರ್ ಕೆಲಸ ಕಲಿತ ಅವರು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ದಳಕ್ಕೆ ಬಂದರು. ಅಥಣಿ ಕಡೆಯ ಅನಂತಪುರದಿಂದ ಕಮಲಾಬಾಯಿ ಎಂಬ ರೈತ ಮಹಿಳೆ ನೀರೆತ್ತುವ ಎಂಜಿನ್ನನ್ನು ಟೆಂಪೋದಲ್ಲಿ ಹೇರಿಕೊಂಡು ಬಂದಾಗ ಅವರು ರಿಪೇರಿ ಮಾಡಿ ಕಳುಹಿಸಲಿಲ್ಲ. ಎದುರಿಗೆ ಕೂರಿಸಿಕೊಂಡು ಪ್ಲಗ್ ಬಿಚ್ಚಿ ತೊಳೆಯುವುದನ್ನು ಆಕೆಯ ಕೈಯಿಂದಲೇ ಮಾಡಿಸಿದರು. ಆಕೆ ಮತ್ತೆ ಬರಬೇಕಾಗಲಿಲ್ಲ.

ಬೇರೆಡೆ ಬಳಸಿ ಬಿಟ್ಟ ಜೆಟ್ ಬೋಟ್ ದಳಕ್ಕೆ ಬಂದದ್ದು 2011ರಲ್ಲಿ. ಅದಕ್ಕೆ ಹೊರಗೆ ತಿರುಗುವ ಪ್ರೊಪೆಲರ್ ಪಂಖವಿಲ್ಲ. ತಳದ ಜಾಲರಿಯಿಂದ ನೀರು ಹೀರಿ, ಹಿಂದಕ್ಕೆ ಚಿಮ್ಮಿ, ಮುಂದೆ ಸಾಗುತ್ತದೆ. ಆದ್ದರಿಂದ ಮೊಳಕಾಲುದ್ದ ನೀರು ನಿಂತ ಕಬ್ಬಿನ ಹೊಲಗಳನ್ನು ದಾಟಲು ಅದೊಂದೇ ಗತಿ. ಅದು ಚಾಲೂ ಆಗದಿದ್ದಾಗ ರಾಜಾರಾಮರದೊಂದು ಕ್ರಮವಿತ್ತು. ಚಾವಿಯನ್ನು ಎರಡು ಸಲಕ್ಕಿಂತ ಹೆಚ್ಚು ತಿರುಗಿಸಬಾರದು. ಸ್ಟಾರ್ಟರ್ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಪೆಟ್ರೋಲನ್ನು ಇಲ್ಲವೆ ಕಿಡಿಯನ್ನು ನೋಡಬೇಕು. ತಿರುಗದೆ ಬರೀ ಟಕ್ ಎಂದರೆ ವಿದ್ಯುತ್ತಿನ ಹಾದಿಯನ್ನು ನೋಡಬೇಕು. ಕಿವಿ ಇದನ್ನು ತೀರ್ಮಾನಿಸುವವರೆಗೆ ಕೈ ಪಾನಾ-ಸ್ಪ್ಯಾನರ್ ಮುಟ್ಟಬಾರದು.

2019ರ ಆಗಸ್ಟ್‌ನ ಒಂದು ಬೆಳಿಗ್ಗೆ ದಿಗ್ಗೇವಾಡಿಯ ಕುರಿಗಾಹಿ ಭರಮು, ಅವನ ಹೆಂಡತಿ ಸತ್ತೆವ್ವ ಮತ್ತು ಇಬ್ಬರು ಮೊಮ್ಮಕ್ಕಳು ಕುರಿಗಳೊಂದಿಗೆ ದಿಬ್ಬವೊಂದರ ಮೇಲೆ ಸಿಕ್ಕಿಬಿದ್ದಿದ್ದರು. ನೀರು ಗಂಟೆಗೆ ಒಂದು ಗೇಣಿನಂತೆ ಏರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ದಿಬ್ಬ ಮುಳುಗುವುದು ಖಚಿತವಿತ್ತು. ಭರಮು ಬೋಟ್ ಚಾಲಕ ಭರತನ ಕಾಕಾ. ಭರತ ಮತ್ತೆ ಮತ್ತೆ ಚಾವಿ ತಿರುಗಿಸುತ್ತಿದ್ದ. ಬೋಟು ಟಕ್, ಟಕ್ ಎನ್ನುತ್ತಿತ್ತು.

“ಪೆಟ್ರೋಲ್ದಾಗ ನೀರ ಹೊಕ್ಕೈತ್ರಿ ಮಾಮಾ, ಟಾಕಿ ಬಿಚ್ಚೂಣು,” ಎಂದು ರಾಜಾರಾಮರಿಗೆ ಹೇಳಿದ.

“ಚಾವಿ ಬಿಡೋ ಮೊದ್ಲ. ಅದು ಟಕ್ ಅಂತೈತಿ, ನೀ ಟಾಕಿ ಅಂತಿ. ನಿನ್ನ ಹೆಂಡ್ತಿ ಹೆಂಗ ಬಾಳೇವು ಮಾಡ್ತಾಳೋ ನಿನ್ನ ಜೋಡಿ.”

ರಾಜಾರಾಮರು ಎಂಜಿನ್ನಿನ ಮುಚ್ಚಳ ತೆಗೆದು, ಒಳಗಿನ ಪೆಟ್ರೋಲಿನ ಆವಿ ಹೋಗಲು ಬಿಟ್ಟು, ಮೀಟರ್ ಹಿಡಿದರು. ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟ್ ಇತ್ತು. ಚಾವಿ ತಿರುಗಿಸಿದಾಗ ಸ್ಟಾರ್ಟರ್‌ಗೆ ತಲುಪುತ್ತಿದ್ದದ್ದು ಏಳು ವೋಲ್ಟೂ ಇರಲಿಲ್ಲ. ಉಳಿದದ್ದನ್ನು ನಡುವೆ ಏನೋ ನುಂಗುತ್ತಿತ್ತು. ಏನೆಂದು ಅವರಿಗೆ ತಕ್ಷಣ ಹೊಳೆಯಿತು.

ಹಿಂದಿನ ದಸರೆಯ ಖಂಡೆ ಪೂಜೆಯಲ್ಲಿ, ಅಂದರೆ ಆಯುಧಪೂಜೆಯಲ್ಲಿ, ಭರತ ಬ್ಯಾಟರಿಯ ಮುಂದೆ ಕಾಯಿ ಒಡೆದು, ಅದರ ನೀರನ್ನು ಮೇಲೆ ಸುರಿದು, ಚಿಂಚಲಿ ಮಾಯಕ್ಕ ದೇವಿಯ ಭಂಡಾರವನ್ನು, ಅಂದರೆ ಪ್ರಸಾದದ ಅರಿಷಿಣವನ್ನು, ಹಿಡಿತುಂಬ ಹಚ್ಚಿದ್ದ. ಬೋಟಿನ ಜೀವ ಇರುವುದು ಅಲ್ಲೇ ಎಂಬುದು ಅವನ ನಂಬಿಕೆ. ಉಪ್ಪಿನಂಶದ ಆ ನೀರು ಅರಿಷಿಣದಡಿಯಲ್ಲಿ ಹತ್ತು ತಿಂಗಳು ಉಳಿದು ತಂತಿ ಕೂಡುವ ಟರ್ಮಿನಲ್ಲಿಗೆ ಹಸಿರು ಕಿಲುಬು ಹಿಡಿದಿತ್ತು. ಜೂನ್ ತಿಂಗಳ ಪರೀಕ್ಷೆಯಲ್ಲೇ ಎಂಜಿನ್ ಅರೆಕ್ಷಣ ತಡವಾಗಿ ಎದ್ದದ್ದನ್ನು ರಾಜಾರಾಮರು ಕೇಳಿಸಿಕೊಂಡಿದ್ದರು. ಎಲ್ಲ ಜೋಡಣೆಗಳನ್ನೂ ಒರೆಸಿ, ಅದೊಂದನ್ನು ಬಿಟ್ಟಿದ್ದರು. ಅವರದು ಬೌದ್ಧ ಮನೆತನ. ಇನ್ನೊಬ್ಬರು ಹಚ್ಚಿದ ಭಂಡಾರವನ್ನು ಒರೆಸುವುದು ತಮ್ಮ ಕೈಯ ಕೆಲಸವಲ್ಲ ಎನ್ನಿಸಿತ್ತು.

“ಭರತಾ, ತಪ್ಪು ನಂದು,” ಎಂದರು. “ಜೂನ್ದಾಗ ಇದನ್ನ ಒರಸಬೇಕಿತ್ತು. ನಿಮ್ಮ ದೇವರದ್ದಂತ ಕೈ ಹಿಂದ ತಗದೆ. ಈಗ ಒರಸ್ಲೇನ?”

ಭರತ ನದಿಯ ಕಡೆ ನೋಡಿದ. ಹೆಗಲ ಟವೆಲ್ ಹಾಸಿ, ಭಂಡಾರವನ್ನು ತಾನೇ ಕೆರೆದು ಅದರಲ್ಲಿ ಕಟ್ಟಿಕೊಂಡ.

“ತಗೀರಿ ಮಾಮಾ. ಮಾಯಕ್ಕ ಆಯಿ ಸಿಟ್ಟಾಗೂದಿಲ್ಲ. ಆದ್ರೂ ನನ್ನ ಮ್ಯಾಲ ಆಗ್ಲಿ, ಕಾಯಿ ಒಡದಾಂವ ನಾ.”

ರಾಜಾರಾಮರು ಬ್ಯಾಟರಿಯ ಮೊದಲು ಋಣ ತುದಿ, ಆಮೇಲೆ ಧನ ತುದಿ ಬಿಚ್ಚಿದರು. ಚಹಾದಂಗಡಿಯ ಬಿಸಿನೀರು, ತಿನ್ನುವ ಸೋಡಾ, ಪಾಲಿಶ್ ಪೇಪರ್. ತಾಮ್ರ ಹೊಳೆಯುವವರೆಗೆ ತಿಕ್ಕಿ, ಒಣಗಿಸಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿದರು. ಇಪ್ಪತ್ತೆರಡು ನಿಮಿಷ ಹಿಡಿಯಿತು. ಎರಡನೆಯ ತಿರುವಿಗೆ ಎಂಜಿನ್ ಎದ್ದಿತು.

ಮೊದಲ ಸುತ್ತಿನಲ್ಲಿ ನಾಲ್ವರೂ ಬಂದರು. ಮುಂದಿನ ಎರಡು ಸುತ್ತುಗಳಲ್ಲಿ ಹದಿನೆಂಟು ಕುರಿಗಳು ಬಂದವು. ದಿಬ್ಬ ಮುಳುಗಿದ್ದು ಒಂದೂವರೆಗೆ. ದಡದಲ್ಲಿ ಭರತ ಟವೆಲ್ಲಿನ ಗಂಟು ಬಿಚ್ಚಿ ಕಾಕಾನ ಹಣೆಗೆ ಭಂಡಾರ ಹಚ್ಚಿದ.

ಸಂಜೆ ವರದಿ ಬರೆಯುವಾಗ ಮೇಲ್ವಿಚಾರಕ ಜ್ಞಾನದೇವ ಅವರು, “ಬೋಟು ಹಳೇದಂತ ಬರೀರಿ, ಮುಗೀತು,” ಎಂದರು. “ಬೋಟು ಹಳೇದೈತ್ರಿ, ಖರೆ. ಒರಸದ ಬಿಟ್ಟಾಂವ ನಾ,” ಎಂದ ರಾಜಾರಾಮರು, ‘ಮೆಕ್ಯಾನಿಕ್‌ನ ಅಲಕ್ಷ್ಯ’ ಎಂದೇ ಬರೆದು ಸಹಿ ಹಾಕಿದರು. ಆ ಪುಟ ಇಂದಿಗೂ ದಳದ ದಪ್ತರದಲ್ಲಿದೆ. ಅಂದಿನಿಂದ ಖಂಡೆ ಪೂಜೆಯಲ್ಲಿ ಭರತ ಭಂಡಾರದ ತಟ್ಟೆಯನ್ನು ಅವರ ಕೈಗೇ ಕೊಡುತ್ತಾನೆ. ಅವರು ಅದನ್ನು ಬ್ಯಾಟರಿ ಪೆಟ್ಟಿಗೆಯ ಮರದ ಮುಚ್ಚಳಕ್ಕಷ್ಟೇ ಹಚ್ಚುತ್ತಾರೆ.

ಈ ಜೂನ್‌ನ ಪರೀಕ್ಷೆ ಅವರಿಲ್ಲದ ಮೊದಲನೆಯದು. ಚಾವಿ ಅವರೇ ಕಲಿಸಿ ಬೆಳೆಸಿದ ಹೊಸ ಮೆಕ್ಯಾನಿಕ್ ಸರಿತಾ ಅವರ ಕೈಯಲ್ಲಿತ್ತು. ರಾಜಾರಾಮರು ಘಾಟಿನ ಮೆಟ್ಟಿಲ ಮೇಲೆ ಕಣ್ಣುಮುಚ್ಚಿ ನಿಂತಿದ್ದರು. ಎಂಜಿನ್ ಅರೆಕ್ಷಣ ತಡವಾಗಿ ಎದ್ದಿತು. ಅವರು ಕಣ್ಣು ತೆರೆದು ಒಂದು ಮೆಟ್ಟಿಲು ಇಳಿಯುವಷ್ಟರಲ್ಲಿ ಸರಿತಾ ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಮುಚ್ಚಳ ಎತ್ತಿಯಾಗಿತ್ತು. ಅವರು ಅಲ್ಲೇ ಕುಳಿತುಕೊಂಡರು.

ಆ ಮೆಟ್ಟಿಲ ಮೇಲೆ ಅವರು ಇನ್ನೂ ಅನೇಕ ಮಳೆಗಾಲ ಹೀಗೆಯೇ ಕುಳಿತು, ದಳದ ಎಂಜಿನ್‌ಗಳಿಗೆ ಕಿವಿಗೊಡುತ್ತ, ಆಯುರಾರೋಗ್ಯದಿಂದ ಬಾಳಲಿ.