ತಂಡೇಲರ ಎಡದ ಅಣಬೆ

ನಮ್ಮ ಅಪ್ಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಸೈಕಲ್ಲೂ ಅಷ್ಟಕ್ಕಷ್ಟೆ. ಅವರು ಮಲ್ಪೆಯಿಂದ ಹೊರಡುವ ಟ್ರಾಲ್ ಬೋಟೊಂದರ ತಂಡೇಲರು, ಅಂದರೆ ಚುಕ್ಕಾಣಿ ಹಿಡಿದು ಬೋಟನ್ನೂ ಅದರೊಳಗಿನವರನ್ನೂ ನಡೆಸುವವರು. ಅಂಥವರು ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ಮಳೆಗಾಲವಿಡೀ ಕಾಪುವಿನ ನಮ್ಮ ಚಾವಡಿಯಲ್ಲಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಕೆಂಪು ರೇಸ್ ಕಾರು ಓಡಿಸಿದರು. ಟಿವಿಯಲ್ಲಿ. ಅದೂ ಡಾಕ್ಟರ ಮಾತಿನ ಮೇಲೆ.

ಹಿಂದಿನ ಸೀಸನ್ನಿನ ಕೊನೆಗೆ ಬಲೆ ಎಳೆಯುವ ವಿಂಚಿನ ಹಗ್ಗಕ್ಕೆ ಅಪ್ಪನ ಎಡಗೈ ಸಿಕ್ಕಿಕೊಂಡಿತ್ತು. ಮೂಳೆ ಕೂಡಿತು, ಹೆಬ್ಬೆರಳು ಮಾತ್ರ ಮುನಿಸಿಕೊಂಡ ನೆಂಟನ ಹಾಗೆ ಬೇರೆಯೇ ನಿಂತಿತು. ಬೆರಳಿಗೆ ಕೆಲಸ ಕೊಡಿ ಎಂದು ಮಣಿಪಾಲದ ಡಾಕ್ಟರು ಹಿಸುಕಲಿಕ್ಕೆ ಒಂದು ಹಳದಿ ರಬ್ಬರ್ ಚೆಂಡು ಕೊಟ್ಟರು. "ಈ ಪ್ರಾಯದಲ್ಲಿ ಚೆಂಡು ಹಿಡ್ಕೊಂಡು ಕೂತರೆ ನೋಡಿದವರು ಎಂತ ಹೇಳಿಯಾರು?" ಎಂದು ಅಪ್ಪ ಅದನ್ನು ನಾಯಿಗೆ ಎಸೆದರು. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಚಿಕ್ಕಪ್ಪ ತಮ್ಮ ಮಕ್ಕಳ ವಿಡಿಯೊ ಗೇಮನ್ನೇ ತಂದು ಟಿವಿಗೆ ಜೋಡಿಸಿದರು. ಚೆಂಡಿಗೆ ನಾಚಿದ ಮನುಷ್ಯನಿಗೆ ಇದರಲ್ಲಿ ಮಾನ ಹೋಗುವಂಥದ್ದೇನೂ ಕಾಣಲಿಲ್ಲ. ಇದರಲ್ಲಿ ಚುಕ್ಕಾಣಿ ಇತ್ತಲ್ಲ!

ಚುಕ್ಕಾಣಿ ಎಂದರೆ, ಆಟದ ಕಂಟ್ರೋಲರಿನ ಮೇಲೆ ಎಡಕ್ಕೊಂದು ಬಲಕ್ಕೊಂದು ಇರುವ ಗುಂಡು ತಲೆಯ ಪುಟ್ಟ ಕೋಲುಗಳಲ್ಲಿ ಎಡದ್ದು. ನಮ್ಮ ಮನೆಯಲ್ಲಿ ಅದಕ್ಕೆ ಅಣಬೆ ಎಂದು ಹೆಸರಾಯಿತು. ಎಡದ ಅಣಬೆಯನ್ನು ಹೆಬ್ಬೆರಳಿನಿಂದ ಎತ್ತ ವಾಲಿಸಿದರೆ ಕಾರು ಅತ್ತ ತಿರುಗುತ್ತದೆ. ಬಲದ ಅಣಬೆಗೆ ಈ ಆಟದಲ್ಲಿ ಕೆಲಸವೇ ಇಲ್ಲ.

ಮಳೆಗಾಲದಲ್ಲಿ ಬೋಟುಗಳಿಗೆ ರಜೆ. ಮಾಡಲು ಬೇರೆ ಕೆಲಸವಿಲ್ಲದ ಬೋಟಿನ ಆಳುಗಳು ಸಂಜೆಯಾದರೆ ನಮ್ಮ ಚಾವಡಿಗೆ ಬಂದು ಬೀಳುತ್ತಿದ್ದರು. ಅಪ್ಪ ಟಿವಿಯ ಅಂಚನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳದೆ ಆಟ ಶುರುಮಾಡುತ್ತಿರಲಿಲ್ಲ. ಆಳುಗಳಲ್ಲಿ ಒಬ್ಬ ಟಿವಿಯ ಬಲಕ್ಕೆ, ಒಬ್ಬ ಎಡಕ್ಕೆ, ಉಳಿದವರು ಹಿಂದೆ ಕುಳಿತು, ಕಡಲಿನಲ್ಲಿ ಮಾಡುವಂತೆಯೇ, "ಮುಂದೆ ಒಂದು ಹಳದಿ ಕಾರು ಉಂಟು, ನಿಧಾನ!" ಎಂದು ಕೂಗಿ ಹೇಳಬೇಕು. ಒಬ್ಬ ಮನುಷ್ಯ ಒಂದು ಕಾರು ಓಡಿಸಲು ಐದು ಜನರ ಸಿಬ್ಬಂದಿ! ಮುಂದೆ ಕಾರು ಕಂಡರೆ ಅಪ್ಪ ವೇಗ ಇಳಿಸಿ ಅದಕ್ಕೆ ದಾರಿ ಬಿಡುತ್ತಿದ್ದರು. ಪ್ರತಿ ರೇಸಿನಲ್ಲೂ ಕೊನೆಯ ಸ್ಥಾನ. "ಎಲ್ಲರೂ ಸುರಕ್ಷಿತ ಮುಟ್ಟಿದರಲ್ಲ, ಅಷ್ಟು ಸಾಕು" ಎಂದು ಅವರು ಕಂಟ್ರೋಲರನ್ನು ಕೆಳಗಿಡುವಾಗ ನನಗೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತಿತ್ತು.

ಕಡಲಿನ ಕೈ ಹಾಕಿ ಒತ್ತಿದರೆ ಅಣಬೆ ಎಷ್ಟು ದಿನ ತಡೆದೀತು? ಕೆಲವೇ ವಾರಗಳಲ್ಲಿ ಒಳಗೆ ಸವೆದು, ಯಾರೂ ಮುಟ್ಟದಿದ್ದರೂ ಕಾರು ತಾನಾಗಿ ಎಡಕ್ಕೆ ಸರಿಯತೊಡಗಿತು. ರಿಪೇರಿ ಮಾಡಿಸುವ ಎಂದೆ. ಅಪ್ಪನಿಗೆ ಸಿಟ್ಟೇ ಬಂತು. "ಬೋಟು ಅಂದ ಮೇಲೆ ಒಂದು ಬದಿಗೆ ಎಳೆಯುವುದೇ. ನಾವು ಹಿಡ್ಕೊಳ್ಳಬೇಕು. ಬೋಟಿನ ಮೇಲೆ ತಪ್ಪು ಹಾಕುವವ ತಂಡೇಲನಾ?" ಎಂದರು. ಅಣಬೆಯನ್ನು ಸದಾ ಸ್ವಲ್ಪ ಬಲಕ್ಕೆ ಒತ್ತಿಹಿಡಿದು ಕಾರನ್ನು ನೇರ ಓಡಿಸುವುದನ್ನು ಕಲಿತರು. ಅಮ್ಮನೂ "ಇರಲಿ ಬಿಡು, ಹಾಳಾದರೆ ಹಾಳಾಯ್ತು" ಎಂದು ಒಳಗೆ ಹೋದರು.

ಹೀಗಿರುವಾಗ ಒಂದು ಸಂಜೆ ಬೋಟಿನ ಯಜಮಾನರು ತಮ್ಮ ಭಾವನನ್ನು ಕರೆದುಕೊಂಡು ಅಪ್ಪನ ಕೈ ಹೇಗುಂಟೆಂದು ನೋಡಲು ಬಂದರು. ಭಾವ ಬೋಟಿನಲ್ಲಿ ಪಾಲುದಾರ. ಯಜಮಾನರು ಬಂದರೆ ಎದ್ದು ನಿಲ್ಲುವುದು ಅಪ್ಪನ ಪದ್ಧತಿ. ರೇಸಿನ ನಡುವೆಯೇ ಎದ್ದರು, ಹೆಬ್ಬೆರಳು ಸಡಿಲವಾಯಿತು. ಕಾರು ಎಲ್ಲರ ಕಣ್ಣೆದುರೇ ಎಡಕ್ಕೆ ಹೊರಳಿ ಗೋಡೆಗೆ ಬಡಿಯಿತು. ಅಪ್ಪ ಕುಳಿತು ಸರಿಪಡಿಸಿದರು. ಭಾವ ಬಂದು ನಮಸ್ಕರಿಸಿದಾಗ ಮತ್ತೆ ಎದ್ದರು. ಕಾರು ಮತ್ತೆ ಎಡಕ್ಕೆ.

ಯಜಮಾನರು ತುಂಬ ಹೊತ್ತು ಪರದೆ ನೋಡಿ, "ತಂಡೇಲರೇ, ಕೈ ಎಡಕ್ಕೆ ಎಳೀತದಲ್ವಾ?" ಎಂದರು.

ನಾನು ಬಾಯಿ ತೆರೆದೆ. ಅಪ್ಪ ಕಣ್ಣಲ್ಲೇ ಗದರಿದರು. ಬೋಟಿನ ಮೇಲೆ ತಪ್ಪು ಹಾಕುವಂತಿಲ್ಲ!

ಮರುದಿನದಿಂದ ಊರೆಲ್ಲ ಅದೇ ಸುದ್ದಿ. ಮಲ್ಪೆಯಿಂದ ತೆಂಕಕ್ಕೆ ಹೊರಟರೆ ಎಡಕ್ಕೆ ದಡ, ಕಾಪುವಿನ ದೀಪಸ್ತಂಭದ ಕೆಳಗಿನ ಬಂಡೆ. ಕೈ ಎಡಕ್ಕೆ ಎಳೆಯುವ ತಂಡೇಲನಿಗೆ ಯಾರು ಬೋಟು ಕೊಡುತ್ತಾರೆ? ಸೀಸನ್ನಿಗೆ ಮೊದಲು ಮನೆಗೆ ಬಂದು ವೀಳ್ಯ ಕೊಟ್ಟು ತಂಡೇಲನನ್ನು ಕರೆಯುವುದು ನಮ್ಮ ಬೋಟಿನ ಕ್ರಮ. ಈ ಸಲ ಆ ವೀಳ್ಯ ಕೆಮ್ಮಣ್ಣು ಊರಿನ ಬೇರೊಬ್ಬರಿಗೆ ಹೋಗುತ್ತದಂತೆ ಎಂದು ಆಳುಗಳೇ ಪಿಸುಗುಟ್ಟಿದರು. ಅಪ್ಪ ಊಟದ ನಡುವೆಯೇ ಏಳತೊಡಗಿದರು. ಕಡಲಿಗೆ ಹೋಗದ ಅಪ್ಪ ಹೇಗಿರುತ್ತಾರೆಂದು ನನಗೆ ಊಹಿಸಲೂ ಆಗುತ್ತಿರಲಿಲ್ಲ. ನನಗೆ ಭಯವಾಯಿತು, ಭಯಕ್ಕಿಂತ ಹೆಚ್ಚು ಸಿಟ್ಟು ಬಂತು. ಬೋಟಿನ ಚುಕ್ಕಾಣಿ ಎಲ್ಲಿ, ಈ ಅಣಬೆ ಎಲ್ಲಿ! ಆದರೆ ಹೇಳಿದರೆ ಕೇಳುವವರು ಯಾರೂ ಇರಲಿಲ್ಲ. ವೀಳ್ಯಕ್ಕೆ ಮೊದಲು ಇನ್ನೊಮ್ಮೆ ಬಂದು ಕಾರು ಓಡಿಸುವುದನ್ನು ನೋಡುತ್ತೇವೆ ಎಂದು ಯಜಮಾನರು ಹೇಳಿಕಳಿಸಿದ್ದರು.

ನಾನಾಗ ಮಣಿಪಾಲದ ಜೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಎದುರಿಗೆ ವಿದ್ಯಾರ್ಥಿಗಳು ಆಡಲು ಬರುವ ವಿಡಿಯೊ ಗೇಮ್ ಪಾರ್ಲರ್. ಕಂಟ್ರೋಲರನ್ನು ಚೀಲದಲ್ಲಿ ಹಾಕಿಕೊಂಡು ಅಲ್ಲಿಗೆ ಹೋದೆ. ಪಾರ್ಲರಿನವನು ಗದಗದ ಕಡೆಯವನು. ತಿರುಪು ಬಿಚ್ಚಿ ನೋಡಿ, "ಏನ್ ಮಾಡೀರಿ ಇದನ್ನ? ಇದರ ಮ್ಯಾಲೆ ರೊಟ್ಟಿ ಬಡದೀರೇನು?" ಎಂದ.

"ನಮ್ಮಪ್ಪ ಕಾರು ಓಡಿಸಿದ್ದು" ಎಂದೆ.

"ಕಾರೋ, ರೋಡ್ ರೋಲರೋ?"

ಅವನ ಹತ್ತಿರ ಸತ್ತ ಕಂಟ್ರೋಲರುಗಳ ಒಂದು ಗೋಣಿಯೇ ಇತ್ತು. ಸುರಿದು ನೋಡಿದರೆ ಎಲ್ಲದರಲ್ಲೂ ಎಡದ ಅಣಬೆ ಸತ್ತಿತ್ತು, ಬಲದ್ದು ಹೊಸದರಂತೆ ಇತ್ತು. ಒಳಗಿನ ಭಾಗ ಎರಡೂ ಒಂದೇ. ಒಂದರ ಬಲದ್ದನ್ನು ಕಿತ್ತು ನಮ್ಮದರ ಎಡಕ್ಕೆ ಹಾಕುವುದೆಂದಾಯಿತು. ನಾನು ಕಂಟ್ರೋಲರಿನೊಳಗಿನ ಸರ್ಕ್ಯೂಟ್ ಹಲಗೆ ಹಿಡಿದುಕೊಂಡೆ, ಅವನು ಬೆಸುಗೆಯ ಕಾದ ಕಡ್ಡಿಯಿಂದ ಸೀಸ ಕರಗಿಸಿದ. ಅಣಬೆಯ ತಳದ ತಂತಿಕಾಲುಗಳಲ್ಲಿ ಒಂದು ಹಲಗೆಯಿಂದ ಬಿಟ್ಟರೆ ಇನ್ನೊಂದು ಹಿಡಿಯುತ್ತಿತ್ತು. ಅವನು ಎರಡು ಸಲ ಬೆರಳು ಸುಟ್ಟುಕೊಂಡ, ನಾನು ಒಂದು ಸಲ. ಕೊನೆಗೆ ಜೋಡಿಸಿ ನೋಡಿದರೆ ಕಾರು ದಾರ ಹಿಡಿದಂತೆ ನೇರ ಹೋಯಿತು. ಬಸ್ಸಿನಲ್ಲಿ ಕಾಪುವಿನವರೆಗೂ ನಗುತ್ತಾ ಬಂದೆ.

ಅಪ್ಪನಿಗೆ ಹೇಳಿದರೆ ಬೇಡ ಎನ್ನುತ್ತಾರೆಂದು ಹೇಳಲಿಲ್ಲ.

ಆ ದಿನ ಯಜಮಾನರು, ಭಾವ, ಆಳುಗಳು ಎಲ್ಲ ಸೇರಿದರು. ವೀಳ್ಯದ ಹರಿವಾಣವನ್ನು ಯಜಮಾನರು ತಮ್ಮ ಪಕ್ಕದಲ್ಲೇ ಇಟ್ಟುಕೊಂಡರು. ಅಮ್ಮ ಬಾಗಿಲ ಸಂದಿಯಲ್ಲಿ ನಿಂತಿದ್ದರು. ಅಪ್ಪ ಟಿವಿ ಮುಟ್ಟಿ ಹಣೆಗೊತ್ತಿಕೊಂಡು, ಮಳೆಗಾಲವಿಡೀ ಅಭ್ಯಾಸವಾಗಿದ್ದಂತೆ ಅಣಬೆಯನ್ನು ಬಲಕ್ಕೆ ಒತ್ತಿ ಹೊರಟರು.

ಕಾರು ಬಲದ ಗೋಡೆಗೆ ಹೋಗಿ ಬಡಿಯಿತು.

ಹಿಂದೆ ತಂದು ಮತ್ತೆ ಹೊರಟರು. ಮತ್ತೆ ಬಲದ ಗೋಡೆ. "ಎಡಕ್ಕೆ, ಎಡಕ್ಕೆ!" ಎಂದು ಆಳುಗಳು ಟಿವಿಯ ಎರಡೂ ಬದಿಯಿಂದ ಕೂಗಿದರು. ಕಡಲಿನಲ್ಲಿ ಎಂಥೆಂಥ ಗಾಳಿಗೂ ಹೆದರದ ಅಪ್ಪ ಕೈಯಲ್ಲಿದ್ದ ಪ್ಲಾಸ್ಟಿಕ್ಕನ್ನು ಹೆದರಿ ನೋಡುತ್ತಿದ್ದರು.

"ಈಗ ಬಲಕ್ಕೆ ಬಂತಲ್ಲ" ಎಂದರು ಯಜಮಾನರು, ಚಿಂತೆಯಿಂದ.

ನನ್ನ ತಾಳ್ಮೆ ತಪ್ಪಿತು. ಹಿರಿಯರು ಕಿರಿಯರು ಎಂದು ನೋಡದೆ ಕಿರುಚಿದೆ. ಅಣಬೆ ಸವೆದದ್ದು, ಅದು ಎಡಕ್ಕೆ ಎಳೆಯುವಾಗ ಅಪ್ಪ ಬಲಕ್ಕೆ ಒತ್ತಿ ಹಿಡಿದದ್ದು, ನಾನು ಹೊಸದು ಹಾಕಿಸಿದ್ದು, ಎಲ್ಲ ಒಂದೇ ಉಸಿರಿಗೆ.

"ಅಂದರೆ ಮಳೆಗಾಲ ಇಡೀ ಅವರು ಹೆಬ್ಬೆರಳಲ್ಲಿ ಒತ್ತಿ ಹಿಡಿದದ್ದಾ ಮಗಾ?" ಎಂದರು ಯಜಮಾನರು.

"ಹೌದು!"

ಅವರು ತಮ್ಮ ಅಂಗೈಯನ್ನು ಅಪ್ಪನ ಮುಂದೆ ಚಾಚಿದರು. "ಒಮ್ಮೆ ಇಲ್ಲಿ ಒತ್ತಿ ನೋಡುವ."

ಅಪ್ಪ ಎಡಗೈಯ ಹೆಬ್ಬೆರಳನ್ನು ಊರಿದರು. ಯಜಮಾನರ ಮುಖ ಮೊದಲು ಕೆಂಪಾಯಿತು, ಆಮೇಲೆ ಅವರೇ ಒಂದು ಬದಿಗೆ ವಾಲಿದರು. "ಸಾಕು, ಸಾಕು ಮಾರಾಯ್ರೇ!"

ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಬಹುದಿತ್ತು ಎಂದು ಯಾರೂ ಹೇಳಲಿಲ್ಲ. ನನಗೂ ಹೊಳೆದದ್ದು ಆಗಲೇ. ಭಾವ ಮಾತ್ರ ಇನ್ನೂ ಪರದೆಯನ್ನೇ ನೋಡುತ್ತಾ, "ಬಲಕ್ಕೆ ಹೋದರೂ ತೊಂದರೆ ಇಲ್ಲ, ಬಲಕ್ಕೆ ಕಡಲಲ್ವಾ" ಎಂದು ತಮ್ಮ ಒಪ್ಪಿಗೆ ಕೊಟ್ಟರು. ಅಪ್ಪ ಎರಡೂ ಕೈಯೊಡ್ಡಿ ವೀಳ್ಯ ತೆಗೆದುಕೊಂಡರು. ಆಳುಗಳು ರೇಸ್ ಗೆದ್ದವರಂತೆ ಕುಣಿದರು.

ಎಲ್ಲರೂ ಹೋದ ಮೇಲೆ ಹೊಗಳಿಕೆ ಕೇಳುವ ಆಸೆಯಿಂದ ಅಡಿಗೆಮನೆಗೆ ಹೋದೆ. ಅಮ್ಮ ಚಾ ಲೋಟಗಳನ್ನು ತೊಳೆಯುತ್ತಿದ್ದರು. ತಿರುಗಿ ನೋಡಲಿಲ್ಲ.

"ರಿಪೇರಿ ಮಾಡಿಸು ಅಂತ ನಿನಗೆ ಯಾರು ಹೇಳಿದ್ದು?" ಎಂದರು. "ಕಡಲಲ್ಲಿ ಗಾಳಿ ಎದ್ದರೆ ನನಗೆ ಇಲ್ಲಿ ನಿದ್ದೆ ಇಲ್ಲ. ಮದುವೆಯಾದ ಲಾಗಾಯ್ತು ಇದೇ. ಈ ವರ್ಷ ಅವರು ಮನೆಯಲ್ಲೇ ಇರ್ತಾರೆ ಅಂತ ಎಣಿಸಿದ್ದೆ."